ಹೊಸ ಕಂಪ್ಯೂಟರಿನಲ್ಲಿ ಕಾಣದ ಕಂಬ

ಕಂಪ್ಯೂಟರ್ ಆನ್ ಮಾಡುವ ಮೊದಲು ನಾನು ಇವತ್ತಿಗೂ ಚಪ್ಪಲಿ ಬಿಡುತ್ತೇನೆ. ಹುಣಸೂರಿನ ನನ್ನ ಪುಟ್ಟ ಆಫೀಸಿಗೆ ಮನೆಯ ಪ್ಲಾನ್ ಬರೆಸಲು ಬರುವವರು ಇದನ್ನು ನೋಡಿ ತಾವೂ ಗಡಬಡಿಸಿ ಚಪ್ಪಲಿ ಬಿಡುತ್ತಾರೆ. ದೇವರ ಪಟ ಎಲ್ಲಿದೆ ಎಂದು ಗೋಡೆಯ ಮೇಲೆ ಹುಡುಕುವವರೂ ಉಂಟು. ಇದು ಭಕ್ತಿಯಲ್ಲ, ಭಯ. ನಾನು ಡಿಪ್ಲೊಮಾ ಮುಗಿಸಿ ಮೈಸೂರಿನಲ್ಲಿ ಡ್ರಾಯಿಂಗ್ ಸಾಫ್ಟ್‌ವೇರ್ ಕಲಿಯಲು ಸೇರಿದಾಗ ಕಂಪ್ಯೂಟರ್ ಕೋಣೆಯ ಬಾಗಿಲಲ್ಲೇ ಚಪ್ಪಲಿ ಬಿಡಿಸುತ್ತಿದ್ದರು. ಒಳಗೆ ತಣ್ಣನೆಯ ಎ.ಸಿ., ಕಿಟಕಿಗೆ ದಪ್ಪ ಪರದೆ, ಯಾರೂ ಜೋರಾಗಿ ಮಾತನಾಡುವಂತಿಲ್ಲ. "ಒಂದು ಚೂರು ಧೂಳು ಒಳಗೆ ಹೋದರೂ ಮುಗೀತು" ಎಂದು ಮೇಷ್ಟ್ರು ಮೊದಲ ದಿನವೇ ಹೇಳಿದ್ದರು. ಏನು ಮುಗಿಯುತ್ತದೆ ಎಂದು ಮಾತ್ರ ಹೇಳಲಿಲ್ಲ. ಕೇಳಲು ನನಗೂ ಧೈರ್ಯವಾಗಲಿಲ್ಲ.

ಮೊದಲೇ ಹೇಳಿಬಿಡುತ್ತೇನೆ, ನಾನು ಪುಕ್ಕಲ. ನನ್ನ ಹೆಂಡತಿ ಸುಮಿತ್ರ ಇದನ್ನು ನಮ್ಮ ಮದುವೆಯಾದ ವಾರದಲ್ಲೇ ಕಂಡುಹಿಡಿದಳು. ಕುಕ್ಕರ್ ಸೀಟಿ ಹೊಡೆಯುವ ಮುಂಚೆ ನಾನು ಅಡುಗೆಮನೆಯಿಂದ ಹೊರಗೆ ಬಂದುಬಿಡುತ್ತೇನೆ. ಲಿಫ್ಟ್ ಇರುವ ಕಟ್ಟಡದಲ್ಲಿ ಮೆಟ್ಟಿಲು ಹತ್ತುತ್ತೇನೆ. ಕೇಳಿದವರಿಗೆ ಡಾಕ್ಟರು ಹೇಳಿದ್ದಾರೆ ಎನ್ನುತ್ತೇನೆ. ಮನೆ ಬೀಗ ಹಾಕಿ ಬೀದಿಯ ತುದಿಗೆ ಹೋದವನು ವಾಪಸು ಬಂದು ಬೀಗ ಎಳೆದು ನೋಡುತ್ತೇನೆ. ಎದುರುಮನೆಯವರು ಈಗ ನಾನು ಕೇಳದೆಯೇ "ಹಾಕಿದ್ದೀರಿ, ಹೋಗಿ ಸಾರ್" ಎಂದು ಕೂಗಿ ಹೇಳುತ್ತಾರೆ.

ಇದೆಲ್ಲ ಎಲ್ಲಿಂದ ಬಂತೋ ಗೊತ್ತಿಲ್ಲ. ಚಿಕ್ಕಂದಿನಲ್ಲಿ ಬೇಸಿಗೆ ರಜೆಗೆ ಎಚ್.ಡಿ. ಕೋಟೆಯಿಂದ ಚಿಕ್ಕಮ್ಮನ ಮನೆಗೆ ಹೋಗುತ್ತಿದ್ದೆ. ಅಂತರಸಂತೆ ದಾಟಿದ ಮೇಲೆ, ಕಾಕನಕೋಟೆ ಕಾಡಿನ ಅಂಚಿನಲ್ಲಿ ಅವಳ ಹಳ್ಳಿ. ಒಂದು ಸಲ ಬಸ್ಸು ನಡುದಾರಿಯಲ್ಲಿ ನಿಂತಿತು. "ಆನೆ, ಆನೆ" ಎಂದು ಯಾರೋ ಪಿಸುಗುಟ್ಟಿದರು. ಡ್ರೈವರ್ ಇಂಜಿನ್ ಆರಿಸಿದ. ಕೇರಳದ ಕಡೆಗೆ ಹೊರಟಿದ್ದ ಒಬ್ಬ ಹೆಂಗಸು ತನ್ನ ಮಗುವಿನ ಬಾಯಿಗೆ ಅಂಗೈ ಅಡ್ಡ ಹಿಡಿದಳು. ನಾನು ನನ್ನ ಅಂಗಿಯ ತೋಳನ್ನೇ ಬಾಯಿಗೆ ತುರುಕಿಕೊಂಡು ಕಣ್ಣು ಮುಚ್ಚಿದೆ. ಆನೆ ಯಾವಾಗ ಹೋಯಿತೋ, ಬಸ್ಸಿನಲ್ಲಿ ಯಾವಾಗ ನಗು ಮಾತು ಶುರುವಾಯಿತೋ, ನಾನು ಕಣ್ಣು ಬಿಟ್ಟಿದ್ದು ಚಿಕ್ಕಮ್ಮನ ಊರಿನಲ್ಲೇ. "ಆನೆ ನೋಡ್ದೇನ್ಲಾ ಮಗಾ?" ಎಂದು ಚಿಕ್ಕಮ್ಮ ಆಸೆಯಿಂದ ಕೇಳಿದಳು. ಕಾಡಿನ ಪಕ್ಕದ ತಾಲ್ಲೂಕಿನಲ್ಲಿ ಹುಟ್ಟಿಯೂ ನಾನು ಇವತ್ತಿನವರೆಗೆ ಕಾಡಾನೆ ನೋಡಿಲ್ಲ.

ಇಂಥವನಿಗೆ ದೇವರು ಕೊಟ್ಟ ಕೆಲಸ ಮನೆಗಳ ನಕ್ಷೆ ಬರೆಯುವುದು. ಮೊದಲು ಟ್ರೇಸಿಂಗ್ ಹಾಳೆಯ ಮೇಲೆ ಇಂಕಿನಲ್ಲಿ ಬರೆಯುತ್ತಿದ್ದೆವು. ಗೆರೆ ತಪ್ಪಿದರೆ ಬ್ಲೇಡಿನಿಂದ ಹೆರೆದು ತೆಗೆಯಬೇಕು. ಹೆಚ್ಚು ಹೆರೆದರೆ ಹಾಳೆ ತೂತು. ನನ್ನ ಕೈ ಗೆರೆ ಎಳೆಯುವ ಮೊದಲೇ ನಡುಗುತ್ತಿತ್ತು. ಕಂಪ್ಯೂಟರ್ ಬಂದ ಮೇಲೆ ಸ್ವಲ್ಪ ಉಸಿರಾಡುವಂತಾಯಿತು. ಅದರಲ್ಲಿ ಅಂಡೂ ಎಂಬ ಒಂದು ಏರ್ಪಾಡಿದೆಯಲ್ಲ, ಮಾಡಿದ್ದನ್ನು ಮಾಡಲೇ ಇಲ್ಲ ಎನ್ನಿಸಿಬಿಡುವುದು, ಅದನ್ನು ಕಂಡುಹಿಡಿದವನು ಖಂಡಿತ ನನ್ನ ಜಾತಿಯ ಪುಕ್ಕಲನೇ ಇರಬೇಕು. ಆ ಸಾಫ್ಟ್‌ವೇರನ್ನು ನಾನು ಸಿ.ಡಿ.ಯಲ್ಲಿ ಕೊಂಡು ತಂದು, ಸಿ.ಡಿ.ಗೆ ಗೀರು ಬೀಳಬಾರದೆಂದು ಸುಮಿತ್ರಳ ರೇಷ್ಮೆ ಸೀರೆಯ ಪೆಟ್ಟಿಗೆಯಲ್ಲಿ ಇಟ್ಟೆ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರದ ಸುತ್ತಮುತ್ತ ನಾನು ಬರೆದ ಮನೆಗಳೆಲ್ಲ ಅದರಲ್ಲೇ ಹುಟ್ಟಿದ್ದು.

ಹೋದ ಮಳೆಗಾಲದಲ್ಲಿ ಹಳೆಯ ಕಂಪ್ಯೂಟರ್ ಒಂದು ದಿನ ಗೊರ್ ಎಂದು ಸದ್ದು ಮಾಡಿ ಸುಮ್ಮನಾಯಿತು. ರಿಪೇರಿಯವರು ಫೈಲುಗಳನ್ನೆಲ್ಲ ಉಳಿಸಿಕೊಟ್ಟು, "ಇದಕ್ಕಿನ್ನು ಪಾರ್ಟ್ಸ್ ಸಿಗಲ್ಲ, ಹೊಸದು ತಗೊಂಡ್ಬಿಡಿ" ಎಂದರು. ಹೊಸದು ಬಂತು. ಅದರಲ್ಲಿ ಸಿ.ಡಿ. ಹಾಕುವ ಬಾಯಿಯೇ ಇರಲಿಲ್ಲ. ಅವರಿವರನ್ನು ಕಾಡಿ ಬೇಡಿ, ಸಿ.ಡಿ.ಯಲ್ಲಿದ್ದುದನ್ನು ಪೆನ್‌ಡ್ರೈವಿಗೆ ಹಾಕಿಸಿಕೊಂಡು ಬಂದು ಇನ್‌ಸ್ಟಾಲ್ ಮಾಡಲು ಕೂತರೆ, ಹೊಸ ಆಪರೇಟಿಂಗ್ ಸಿಸ್ಟಂ ನನ್ನ ಹಳೆಯ ಸಾಫ್ಟ್‌ವೇರನ್ನು ಹೊಸಿಲಲ್ಲೇ ತಡೆಯಿತು. ಇದನ್ನು ಮಾಡಿದವರು ಯಾರೆಂದು ತಿಳಿಯದು, ಆದರೂ ನಡೆಸಬೇಕೇ? ಇದರಿಂದ ನಿಮ್ಮ ಕಂಪ್ಯೂಟರಿಗೆ ತೊಂದರೆಯಾಗಬಹುದು, ಆದರೂ ಮುಂದುವರಿಯಬೇಕೇ? ಹೆಣ್ಣು ಕೊಡುವ ಮನೆಯವರೂ ಇಷ್ಟು ವಿಚಾರಿಸುವುದಿಲ್ಲ. ಪ್ರತಿ ಪ್ರಶ್ನೆಗೂ ನಾನು ಎದ್ದು ಹೋಗಿ ನೀರು ಕುಡಿದು ಬಂದೆ.

ಹೊಸ ಸಾಫ್ಟ್‌ವೇರ್ ಕಲಿಯಬಾರದೇ ಎಂದು ನೀವು ಕೇಳುತ್ತೀರಿ. ಸುಮಿತ್ರಳೂ ಕೇಳಿದಳು. ಕಲಿಯಬಹುದು. ಆದರೆ ಹಳೆಯದರ ಕೀಲಿಗಳು ನನ್ನ ಬೆರಳಿಗೆ ಗೊತ್ತು, ನನಗೆ ಗೊತ್ತಿಲ್ಲ. ಬೆರಳನ್ನು ಕೇಳಿಕೊಂಡು ಬದುಕುವವನು ಹೊಸದನ್ನು ತಲೆಯಿಂದ ಕಲಿಯುವುದು ಕಷ್ಟ. ಅದೂ ಅಲ್ಲದೆ ಹಳೆಯ ನಕ್ಷೆಗಳು ಹೊಸದರಲ್ಲಿ ತೆರೆದರೆ ಅಕ್ಷರ ಒಂದು ಕಡೆ, ಗೆರೆ ಒಂದು ಕಡೆ ಚೆಲ್ಲಿಹೋಗುತ್ತವೆ ಎಂದು ಯಾರೋ ಹೆದರಿಸಿದ್ದರು. ನನ್ನನ್ನು ಹೆದರಿಸಲು ಅಷ್ಟು ಸಾಕು.

ಕೊನೆಗೆ ಒಂದು ವಿಡಿಯೊ ನೋಡಿ ಉಪಾಯ ತಿಳಿದುಕೊಂಡೆ. ಹೊಸ ಸಿಸ್ಟಮ್ಮಿನಲ್ಲಿ ಹಳೆಯ ಸಾಫ್ಟ್‌ವೇರಿಗೆ, ನೀನಿನ್ನೂ ಹಳೆಯ ಸಿಸ್ಟಮ್ಮಿನಲ್ಲೇ ಇದ್ದೀಯೆ ಎಂದು ನಂಬಿಸುವ ಒಂದು ಗುಂಡಿ ಇದೆಯಂತೆ. ಅದನ್ನು ಒತ್ತಿದರೆ ಹಳೆಯದು ಗಾಬರಿಯಾಗದೆ ಕೆಲಸ ಮಾಡುತ್ತದಂತೆ. ನಮ್ಮ ಚಿಕ್ಕಮ್ಮನಿಗೆ ಕೊನೆಕೊನೆಗೆ ಮರೆವು ಬಂದಿತ್ತು. ಎಂದೋ ಸತ್ತುಹೋದ ಎಮ್ಮೆಗೆ ಹುಲ್ಲು ಹಾಕಿದಿರಾ ಎಂದು ಊಟಕ್ಕೆ ಕೂತಾಗಲೆಲ್ಲ ಕೇಳುವಳು. "ಹಾಕಿದೀವಿ ಚಿಕ್ಕವ್ವ, ತಿಂದು ಮಲ್ಗದೆ" ಎಂದರೆ ಮಾತ್ರ ತುತ್ತು ಎತ್ತುತ್ತಿದ್ದಳು. ನಾನು ಆ ಗುಂಡಿ ಒತ್ತಿದೆ. ಪರದೆಯ ಮೇಲೆ ನನ್ನ ಹಳೆಯ ಸಾಫ್ಟ್‌ವೇರ್, ಅದೇ ಕಪ್ಪು ಹಿನ್ನೆಲೆ, ಅದೇ ಹಳದಿ ಗೆರೆಗಳೊಂದಿಗೆ ತೆರೆದುಕೊಂಡಿತು. ನಾಚಿಕೆಯಿಲ್ಲದೆ ಹೇಳುತ್ತೇನೆ, ಕಣ್ಣಲ್ಲಿ ನೀರು ಬಂತು.

ಅವತ್ತೇ ಸಂಜೆ ಗಾವಡಗೆರೆಯಿಂದ ಜಯಮ್ಮನ ಫೋನ್ ಬಂತು. ಬಹಳ ವರ್ಷಗಳ ಹಿಂದೆ ಅವರ ಮನೆಯ ಪ್ಲಾನ್ ಬರೆದುಕೊಟ್ಟಿದ್ದೆ. ಆಗ ಅವರ ಅತ್ತೆ ಇದ್ದರು. ಈಗ ಯಜಮಾನಿಕೆ ಜಯಮ್ಮನದು.

"ಸಾ, ನಾನು ಗಾವಡಗೆರೆ ಜಯಮ್ಮ ಕಣ್ಸಾ. ಮಗಳ ಸೀಮಂತ ಬತ್ತಾ ಅದೆ. ನಡುಮನೆ ಕಿಷ್ಕಿಂದೆ ಆಗದೆ, ಅಡ್ಗೆಮನೆ ಗ್ವಾಡೆ ಒಡ್ದು ಒಂದೇ ಮಾಡವ ಅಂತ. ಚಿಕ್ಕಣ್ಣ ಮೇಸ್ತ್ರಿ ನಾಳಿಕೆ ಬತ್ತೀನಿ ಅಂದವ್ನೆ. ಒಡೀಬೌದಾ, ಎಂಗೆ?"

"ಒಂದು ನಿಮಿಷ ಇರಿ ಜಯಮ್ಮ, ಪ್ಲಾನ್ ನೋಡಿ ಹೇಳ್ತೀನಿ" ಎಂದೆ. ಆಗ ತಾನೇ ಜೀವ ಬಂದಿದ್ದ ಸಾಫ್ಟ್‌ವೇರಿನಲ್ಲಿ ಅವರ ಮನೆ ತೆರೆದೆ. ನಡುಮನೆ, ಅಡುಗೆಮನೆ, ನಡುವೆ ಒಂದು ಗೋಡೆ. ಗೋಡೆಯ ಎರಡು ಹಳದಿ ಗೆರೆ ಈ ತುದಿಯಿಂದ ಆ ತುದಿಗೆ ಸಲೀಸಾಗಿ ಓಡಿದ್ದವು. ಮಧ್ಯೆ ಕಂಬವಿಲ್ಲ. ಕಂಬ ಇದ್ದರೆ ಅದನ್ನು ಕಪ್ಪು ಪರದೆಯ ಮೇಲೆ ಬಣ್ಣ ತುಂಬಿದ ಚೌಕವಾಗಿ ಬರೆದಿರುತ್ತೇವೆ, ಕಣ್ಣಿಗೆ ಹೊಡೆದು ಕಾಣುತ್ತದೆ. "ಒಡೀಬಹುದು, ಬರೀ ಅಡ್ಡಗೋಡೆ" ಎಂದೆ. ಅಷ್ಟು ಬೇಗ, ಅಷ್ಟು ಧೈರ್ಯವಾಗಿ ನಾನು ಜೀವನದಲ್ಲಿ ಯಾರಿಗೂ ಒಪ್ಪಿಗೆ ಕೊಟ್ಟವನಲ್ಲ. ಹಳೆಯ ಸಾಫ್ಟ್‌ವೇರ್ ಬದುಕಿದ ಖುಷಿಯಲ್ಲಿ ನನ್ನ ಭಯ ಸ್ವಲ್ಪ ಹೊತ್ತು ನನ್ನನ್ನು ಬಿಟ್ಟು ಹೋಗಿತ್ತು.

ಮಾರನೆಯ ಬೆಳಿಗ್ಗೆ ಸುಮಿತ್ರ ಆಫೀಸಿಗೆ ತಿಂಡಿ ಡಬ್ಬಿ ಕೊಡಲು ಬಂದಳು. ನನ್ನ ಸಾಹಸ ತೋರಿಸೋಣವೆಂದು ನಮ್ಮದೇ ಮನೆಯ ನಕ್ಷೆ ತೆರೆದು, "ನೋಡು, ಹೇಗಿದ್ದದ್ದು ಹಾಗೇ ಇದೆ" ಎಂದೆ. ಅವಳು ಬಗ್ಗಿ ನೋಡಿದಳು.

"ನಮ್ಮ ಹಾಲ್‌ನಲ್ಲಿರೋ ಕಂಬ ಎಲ್ರೀ?" ಎಂದಳು.

ನಮ್ಮ ಹಾಲಿನ ಮೂಲೆಯಲ್ಲಿ ಒಂದು ಕಂಬ ಗೋಡೆಯಿಂದ ಮುಂದಕ್ಕೆ ಚಾಚಿಕೊಂಡಿದೆ. ಅದರಿಂದಾಗಿ ಸೋಫಾ ಗೋಡೆಗೆ ಸೇರುವುದಿಲ್ಲ. ಹದಿನೈದು ವರ್ಷಗಳಿಂದ ಅವಳು ಅದನ್ನು ಬೈದುಕೊಂಡೇ ಗುಡಿಸುತ್ತಿದ್ದಾಳೆ. ಆ ಕಂಬ ಪರದೆಯ ಮೇಲೆ ಇರಲಿಲ್ಲ. ಬೇರೆ ಕಂಬಗಳನ್ನು ಹುಡುಕಿದೆ. ಅವೂ ಇರಲಿಲ್ಲ. ಕೆ.ಆರ್. ನಗರದ ಒಂದು ಮನೆ ತೆರೆದೆ, ಪಿರಿಯಾಪಟ್ಟಣದ ಅಂಗಡಿ ಮಳಿಗೆ ತೆರೆದೆ. ಎಲ್ಲ ಮನೆಗಳೂ ಕಂಬವಿಲ್ಲದೆ ನಿಂತಿದ್ದವು. ಹಳೆಯ ಸಾಫ್ಟ್‌ವೇರ್ ಹೊಸ ಸಿಸ್ಟಮ್ಮಿನಲ್ಲಿ ಗೆರೆಗಳನ್ನೆಲ್ಲ ತೋರಿಸುತ್ತಿತ್ತು, ಬಣ್ಣ ತುಂಬಿದ ಜಾಗಗಳನ್ನು ಮಾತ್ರ ತೋರಿಸುತ್ತಿರಲಿಲ್ಲ. ನಾನು ಕಂಬಗಳಿಗೆ ಗೆರೆ ಎಳೆದವನಲ್ಲ, ಬರೀ ಬಣ್ಣ ತುಂಬಿದವನು.

ನನಗೆ ಜಯಮ್ಮನ ಅಡುಗೆಮನೆ ಗೋಡೆ ನೆನಪಾಯಿತು. ಆ ಗೋಡೆಯ ನಟ್ಟನಡುವೆ ಕಂಬ ಇತ್ತು. ಇದ್ದೇ ಇತ್ತು. ನಡುಮನೆಯ ಮೇಲಿನ ಉದ್ದದ ಬೀಮು ಅದರ ಮೇಲೆಯೇ ಕೂತಿದ್ದದ್ದು.

ಫೋನ್ ಮಾಡಿದೆ. ಜಯಮ್ಮ ಎತ್ತಲಿಲ್ಲ. ಮತ್ತೆ ಮಾಡಿದೆ. ಚಿಕ್ಕಣ್ಣ ಮೇಸ್ತ್ರಿಗೆ ಮಾಡಿದೆ. ಅವನು ಕೆಲಸಕ್ಕೆ ನಿಂತರೆ ಫೋನನ್ನು ಬುತ್ತಿಚೀಲದಲ್ಲಿ ಹಾಕಿ ಮರಕ್ಕೆ ನೇತುಹಾಕುವವನು. ಸುಮಿತ್ರ "ನಿಧಾನ ಹೋಗ್ರೀ" ಎನ್ನುವಷ್ಟರಲ್ಲಿ ಸ್ಕೂಟರ್ ಹತ್ತಿದ್ದೆ. ಬೀದಿಯ ತುದಿ ದಾಟಿದ ಮೇಲೆ ಕಾಲಿಗೆ ಚಪ್ಪಲಿ ಇಲ್ಲ ಎಂದು ತಿಳಿಯಿತು. ವಾಪಸು ಹೋಗಲಿಲ್ಲ.

ಗಾವಡಗೆರೆಯ ದಾರಿ ನನಗೆ ಅಷ್ಟು ಉದ್ದ ಎಂದೂ ಅನ್ನಿಸಿರಲಿಲ್ಲ. ಹೊಗೆಸೊಪ್ಪು ಬೇಯಿಸುವ ಕಾಲ. ಹೊಲಗಳ ನಡುವೆ ಬ್ಯಾರನ್ನುಗಳು, ಆ ಎತ್ತರದ ಇಟ್ಟಿಗೆಯ ಗೂಡುಗಳು, ಹೊಗೆ ಬಿಡುತ್ತಿದ್ದವು. ಬೇರೆ ದಿನವಾದರೆ ಆ ಘಾಟಿಗೆ ನನಗೆ ಸೀನು ಬರುತ್ತದೆ. ಅವತ್ತು ಏನೂ ಬರಲಿಲ್ಲ. ಪ್ರತಿ ಬ್ಯಾರನ್ನಿನ ಗೋಡೆಯನ್ನೂ ನೋಡುತ್ತಾ, ಇದು ಯಾವುದರ ಆಸರೆಯಲ್ಲಿ ನಿಂತಿದೆ ಎಂದು ಯೋಚಿಸುತ್ತಾ ಹೋದೆ. ಬೀಳುವುದು ಹೇಗೆ ಎಂದು ನನಗೆ ಗೊತ್ತು. ಮೊದಲು ಗಾರೆಯ ಪುಡಿ ಉದುರುತ್ತದೆ. ಆಮೇಲೆ ಏನೂ ಇಲ್ಲದ ಸ್ವಲ್ಪ ಹೊತ್ತು. ಜನ ಆ ಹೊತ್ತಿನಲ್ಲೇ "ಏನಿಲ್ಲ ಬುಡು" ಎಂದುಕೊಳ್ಳುತ್ತಾರೆ. ಆಮೇಲೆ ಎಲ್ಲ ಒಟ್ಟಿಗೆ ಬರುತ್ತದೆ.

ಮನೆ ಕಾಣುವ ಮೊದಲೇ ಸುತ್ತಿಗೆಯ ಸದ್ದು ಕೇಳಿಸಿತು. ಒಳಗೆ ನುಗ್ಗಿದೆ. ಗೋಡೆಯ ಮೇಲಿನ ಅರ್ಧ ಆಗಲೇ ಇರಲಿಲ್ಲ. ಚಿಕ್ಕಣ್ಣ ಏಣಿಯ ಮೇಲೆ ನಿಂತು ಸುತ್ತಿಗೆ ಬೀಸುತ್ತಿದ್ದ. ನಡುಮನೆಯಲ್ಲಿ, ಸರಿಯಾಗಿ ಬೀಮಿನ ಕೆಳಗೆ, ಜಯಮ್ಮನ ಬಸುರಿ ಮಗಳು ಕಾಲು ಚಾಚಿ ಕೂತು ಸೊಪ್ಪು ಸೋಸುತ್ತಿದ್ದಳು. ನಾನು ಕೂಗಲು ಬಾಯಿ ತೆರೆದೆ. ಸದ್ದು ಹೊರಡಲಿಲ್ಲ. ಕೈ ಬೀಸಿದೆ. ಆ ಹುಡುಗಿ ನನ್ನನ್ನು ನೋಡಿ, ಪಾಪ, ಎದ್ದು ನಿಂತು ನಮಸ್ಕಾರ ಮಾಡಿದಳು.

"ಆಚೆಗೆ!" ಎಂದೆ ಕೊನೆಗೆ. ಅದು ನನ್ನ ಧ್ವನಿಯಂತೆ ಇರಲಿಲ್ಲ. "ಎಲ್ಲರೂ ಆಚೆಗೆ! ಚಿಕ್ಕಣ್ಣ, ಇಳಿ! ಸುತ್ತಿಗೆ ಅಲ್ಲೇ ಬಿಡು!"

ಹೊರಗೆ ಬಂದ ಮೇಲೆ ಜಯಮ್ಮ ನನ್ನ ಬರಿಗಾಲು, ಬೆವರು, ಅಂಗಿಯ ತಪ್ಪು ಗುಂಡಿ ಎಲ್ಲವನ್ನೂ ನೋಡಿದರು. "ಇದ್ಯಾಕ್ ಸಾ ಇಂಗೆ? ನೀವೇ ತಾನೆ ಒಡೀಬೌದು ಅಂದಿದ್ದು?"

"ತಪ್ಪು ಹೇಳಿದೆ ಜಯಮ್ಮ. ಆ ಗೋಡೆ ಮಧ್ಯೆ ಕಂಬ ಇದೆ. ಕಂಪ್ಯೂಟರಲ್ಲಿ ಕಾಣಿಸಲಿಲ್ಲ. ಮೇಲಿರೋ ಬೀಮು ಅದರ ಮೇಲೇ ನಿಂತಿರೋದು."

ಚಿಕ್ಕಣ್ಣ ತಲೆಗೆ ಸುತ್ತಿದ್ದ ಟವೆಲ್ ಬಿಚ್ಚಿ ಮುಖ ಒರೆಸಿಕೊಂಡ. "ಅಲ್ಲೆಲ್ ಅದೆ ಸಾ ಕಂಬ? ಅರ್ಧ ಗ್ವಾಡೆ ಕೆಡವ್ಬುಟ್ಟೆ, ಒಂದ್ ಕಂಬಿ ಚೂರೂ ಸಿಕ್ನಿಲ್ವಲ್ಲ."

"ಪ್ಲಾನಲ್ಲಿದೆ ಕಣಪ್ಪ! ನಾನೇ ಇಟ್ಟಿದ್ದು."

ಅವನೂ ಜಯಮ್ಮನೂ ಮುಖ ಮುಖ ನೋಡಿಕೊಂಡರು. ಜಯಮ್ಮನೇ ಬಾಯಿಬಿಟ್ಟರು. "ಅದು ಸಾ, ನಮ್ಮತ್ತೆ ಆವತ್ತು ಗುಂಡಿ ತೋಡ್ವಾಗ ಅಡ್ಡ ನಿಂತ್ಬುಟ್ರು. ಒಲೆ ಉರಿಯೋ ತಾವು ಬೆನ್ನಿಗೆ ಕಂಬ ಬರ್ಕೂಡ್ದು, ಮನೆಗಾಗಾಕಿಲ್ಲ ಅಂತ. ಅದ್ಕೆ ಕಂಬ್ವ ದೇವ್ರಮನೆ ಗ್ವಾಡೆಗೆ ಸರಿಸ್ಕಂಡ್ವಿ."

"ಎಷ್ಟು ದೂರ?"

"ಒಂದೆರ್ಡ್ ಮೊಳ ಇರ್ಬೌದು ಸಾ" ಎಂದ ಚಿಕ್ಕಣ್ಣ. ಆವತ್ತು ಮನೆ ಕಟ್ಟಿದವನೂ ಅವನೇ. ಸ್ವಲ್ಪ ಯೋಚಿಸಿ, "ಮೂರೋ ಏನೋ" ಎಂದ.

ಅವನಿಗೆ ಸಮಾಧಾನವಾಗಿತ್ತು. ಕಂಬ ಇಲ್ಲಿ ಇಲ್ಲದಿದ್ದರೆ ಗೋಡೆ ಒಡೆಯಲು ತಡೆಯೇನು ಎಂಬಂತೆ ನಿಂತಿದ್ದ. ನನಗೆ ಮಾತ್ರ ಲೆಕ್ಕ ಬೇರೆಯೇ ಕಂಡಿತು. ಕಂಬ ಮೂರು ಮೊಳ ಸರಿದರೆ ಮೇಲಿನ ಬೀಮು ಸರಿಯುವುದಿಲ್ಲ. ನಾನು ಲೆಕ್ಕ ಹಾಕಿದ್ದಕ್ಕಿಂತ ಅಷ್ಟು ಹೆಚ್ಚು ದೂರ ಅದು ಆಸರೆಯಿಲ್ಲದೆ ಚಾಚಿಕೊಂಡಿತ್ತು. ಇಷ್ಟು ವರ್ಷ ಅದನ್ನು ಹೊತ್ತು ನಿಂತಿದ್ದು ಈ ಗೋಡೆಯೇ. ನಾನು ಬರೀ ಅಡ್ಡಗೋಡೆ ಎಂದಿದ್ದ ಗೋಡೆ. ಬಾಗಿಲಲ್ಲೇ ನಿಂತು ಕತ್ತೆತ್ತಿ ನೋಡಿದೆ. ಬೀಮಿನ ಕೆಳಗಿನ ಗಾರೆಯಲ್ಲಿ ಕೂದಲಿನಷ್ಟು ಸಣ್ಣ ಬಿರುಕು ಬಿಟ್ಟಿತ್ತು. ಬಿರುಕಿನ ಅಂಚು ಇನ್ನೂ ಬೆಳ್ಳಗೆ ಹೊಸದಾಗಿತ್ತು. ಅದು ಅವತ್ತಿನದು.

"ಜಯಮ್ಮ, ಮಗಳನ್ನ ಕರ್ಕೊಂಡು ಪಕ್ಕದ ಮನೆಗೆ ಹೋಗಿ. ನಾನು ಹೇಳೋವರೆಗೂ ಒಳಗೆ ಬರಬೇಡಿ. ಚಿಕ್ಕಣ್ಣ, ಸೆಂಟ್ರಿಂಗ್ ಜಾಕಿ ಎಲ್ಲಿದಾವೆ? ಈಗಲೇ ತರಿಸು."

ಜಾಕಿಗಳು ಬಂದವು. ಕಬ್ಬಿಣದ ಆ ಊರುಗೋಲುಗಳನ್ನು ಬೀಮಿನ ಕೆಳಗೆ ಕೊಟ್ಟು ತಿರುಚಿ ಬಿಗಿಯಬೇಕು. ಅದಕ್ಕೆ ಒಳಗೆ ಹೋಗಬೇಕು. ಚಿಕ್ಕಣ್ಣ ನನ್ನ ಮುಖ ನೋಡಿದ. ನಾನು ಹೇಳಿ ಅವನನ್ನು ಒಳಗೆ ಕಳಿಸಿ ಹೊರಗೆ ನಿಲ್ಲುವುದು ಹೇಗೆ? ಇಬ್ಬರೂ ಹೋದೆವು. ಕಾಲಡಿ ಇಟ್ಟಿಗೆಯ ಚೂರು ಚುಚ್ಚುತ್ತಿತ್ತು. ಜಾಕಿ ಹಿಡಿದ ನನ್ನ ಕೈ ನಡುಗಿ, ಅದು ನೆಲಕ್ಕೆ ತಗುಲಿ ಟಣಟಣ ಎನ್ನುತ್ತಿತ್ತು. "ಸಾ, ನೀವು ಬುಡಿ, ಈ ಸದ್ದಿಗೇ ಬಿದ್ದೋದದು" ಎಂದ ಚಿಕ್ಕಣ್ಣ. ತಮಾಷೆ ಮಾಡಿದನೋ ನಿಜಕ್ಕೂ ಹೇಳಿದನೋ ತಿಳಿಯಲಿಲ್ಲ. ಒಂದು ಸಲ ತಲೆಯ ಮೇಲೆ ಗಾರೆಪುಡಿ ಉದುರಿತು. ನಾನು ಕಣ್ಣು ಮುಚ್ಚಬೇಕೆಂದುಕೊಂಡೆ, ಮುಚ್ಚಲು ಪುರುಸೊತ್ತಾಗಲಿಲ್ಲ. ಕೊನೆಯ ಜಾಕಿ ಬಿಗಿದಾಗ ಬೀಮು ಕಿರ್ ಎಂದು ಒಮ್ಮೆ ಕೂತುಕೊಂಡಿತು, ಆಮೇಲೆ ಸುಮ್ಮನಾಯಿತು.

ಹೊರಗೆ ಬಂದು ಜಗಲಿಯ ಮೇಲೆ ಕುಸಿದೆ. ಜಯಮ್ಮ ದೊಡ್ಡ ಲೋಟದಲ್ಲಿ ಕಾಫಿ ತಂದುಕೊಟ್ಟರು. ಗೋಡೆಯನ್ನು ಮತ್ತೆ ಕಟ್ಟಿಸಿ, ಅಥವಾ ಅಲ್ಲೊಂದು ಹೊಸ ಕಂಬ ಎಬ್ಬಿಸಿ, ಸೀಮಂತವನ್ನು ಸಮುದಾಯ ಭವನದಲ್ಲಿ ಇಟ್ಟುಕೊಳ್ಳಿ ಎಂದೆ. ಅವರು ತಲೆಯಾಡಿಸಿದರು. ನನಗೆ ಭಯವೆಲ್ಲ ಇಳಿದು ಈಗ ಸಿಟ್ಟು ಬಂತು.

"ಕಂಬ ಸರಿಸಿದ್ದನ್ನ ನನಗೆ ಒಂದು ಮಾತು ಹೇಳಬಾರದಿತ್ತಾ?" ಎಂದೆ. "ಅವತ್ತೇ ಹೇಳಿದ್ದರೆ ಬೀಮಿಗೆ ಇನ್ನೆರಡು ಕಂಬಿ ಹಾಕಿಸ್ತಿದ್ದೆ. ಒಂದು ಫೋನು, ಅಷ್ಟೇ."

ಜಯಮ್ಮ ಸೆರಗಿನಿಂದ ಮುಖ ಒರೆಸಿಕೊಂಡರು. "ಏಳವ ಅಂತಿದ್ವಿ ಸಾ. ನಮ್ಮತ್ತೇನೆ ಬ್ಯಾಡ ಅಂದ್ರು. ಆ ಹುಡ್ಗ ಮೊದ್ಲೇ ಪುಕ್ಲ, ಏಳುದ್ರೆ ಎದ್ರುಕತ್ತಾನೆ, ಸುಮ್ನೆ ಯಾಕೆ ಅಂತ."

"ಎಲ್ರೂವೆ ಅಂಗೇಯ ಸಾ" ಎಂದು ಚಿಕ್ಕಣ್ಣ ಪ್ರೀತಿಯಿಂದಲೇ ಸೇರಿಸಿದ. "ನಿಮ್ ಪ್ಲಾನ್ ಮನೆ ಅಂದ್ರೆ, ಏನಾರ ಎಚ್ಚುಕಮ್ಮಿ ಮಾಡುದ್ರೆ ಸಾರ್‌ಗೆ ಏಳ್ಬ್ಯಾಡಿ ಅಂತ ನಾವು ಮೇಸ್ತ್ರಿಗಳೇ ಮಾತಾಡ್ಕತ್ತೀವಿ. ನಿಮ್ಗೆ ನಿದ್ದೆ ಬರಾಕಿಲ್ಲ ಅಂತವ."

"ಎಷ್ಟು ಮನೇಲಿ ಹೀಗೆ ಮಾಡಿದೀರಿ?"

"ಅದೇನ್ ನೆಪ್ಪಿದ್ದಾತಾ ಸಾ" ಎಂದ ಅವನು.

ಕಾಫಿ ಲೋಟವನ್ನು ಜಗಲಿಯ ಮೇಲಿಟ್ಟೆ. ಜನ ನನ್ನ ಭಯವನ್ನು ಕಂಡು ನಗುತ್ತಾರೆ ಎಂದು ತಿಳಿದಿದ್ದೆ. ನಕ್ಕರೆ ನಗಲಿ ಎಂದುಕೊಂಡಿದ್ದೆ. ಅವರು ಅದಕ್ಕೆ ಮರುಗಿ, ಅದನ್ನು ಕಾಪಾಡುತ್ತಾ ಬಂದಿದ್ದರು ಎಂದು ಗೊತ್ತೇ ಇರಲಿಲ್ಲ. ನನ್ನ ನೆಮ್ಮದಿಗಾಗಿ ಮುಚ್ಚಿಟ್ಟ ಮಾತಿನ ಕೆಳಗೆ ಒಬ್ಬ ಬಸುರಿ ಹೆಣ್ಣುಮಗಳು ಕೂತು ಸೊಪ್ಪು ಸೋಸುತ್ತಿದ್ದಳು.

ಸಾಫ್ಟ್‌ವೇರಿನ ಕಾಯಿಲೆ ಎರಡು ದಿನದಲ್ಲಿ ವಾಸಿಯಾಯಿತು. ಪರದೆಯ ಬಣ್ಣಗಳಿಗೆ ಸಂಬಂಧಿಸಿದ ಯಾವುದೋ ಒಂದು ಆಯ್ಕೆಯನ್ನು ಬದಲಾಯಿಸಿದರೆ ಸಾಕಿತ್ತು. ಈಗ ಎಲ್ಲ ನಕ್ಷೆಗಳಲ್ಲೂ ಕಂಬಗಳು ತಂತಮ್ಮ ಜಾಗದಲ್ಲಿ ಅಚ್ಚುಕಟ್ಟಾಗಿ ನಿಂತಿವೆ. ನೋಡಲು ಬಲು ಚೆಂದ. ಮೊದಲೆಲ್ಲ ಪರದೆಯ ಮೇಲೆ ಏನಾದರೂ ಕಾಣದಿದ್ದರೆ ಹೆದರುತ್ತಿದ್ದೆ. ಈಗ ಕಾಣುವುದಕ್ಕೂ ಹೆದರುತ್ತೇನೆ. ಆ ಮನೆಗಳಲ್ಲಿ ಯಾವುದು ಹೀಗೇ ಇದೆಯೋ, ಯಾವುದರಲ್ಲಿ ಕಂಬ ಎಲ್ಲಿಗೆ ಹೋಗಿದೆಯೋ, ಯಾರ ಮಾತು ಕೇಳಿ ಎಷ್ಟು ಮೊಳ ಸರಿದಿದೆಯೋ.

ಮೊನ್ನೆ ಕೆ.ಆರ್. ನಗರದ ಕಡೆಯಿಂದ ಒಬ್ಬರು ಫೋನ್ ಮಾಡಿದ್ದರು. ಮನೆಯ ಮೇಲೆ ಇನ್ನೊಂದು ಅಂತಸ್ತು ಎಬ್ಬಿಸಬೇಕಂತೆ. "ಕಂಪ್ಯೂಟ್ರು ನೋಡಿ ಏಳ್ಬುಡಿ ಸಾ, ತಡೀತದಾ ಇಲ್ವಾ?"

"ಕಂಪ್ಯೂಟರ್ ನೋಡೋದಿಲ್ಲ, ನಾನೇ ಬರ್ತೀನಿ" ಎಂದೆ. "ಅದಕ್ಕೆ ಮುಂಚೆ ಒಂದು ಮಾತು. ಕಟ್ಟುವಾಗ ನನಗೆ ಹೇಳದೆ ಏನೇನು ಬದಲಾಯಿಸಿದಿರಿ?"

ಆ ಕಡೆ ಅವರು ಯಾರನ್ನೋ ಮೆಲ್ಲಗೆ ಕೇಳಿದ್ದು ಕೇಳಿಸಿತು. ಮತ್ತೆ ಫೋನಿಗೆ ಬಂದರು.

"ಎದ್ರುಕೊಳ್ಳಾಕಿಲ್ಲ ಅಂದ್ರೆ ಏಳ್ತೀನಿ ಸಾ."

"ಹೆದರೋದಿಲ್ಲ, ಹೇಳಿ" ಎಂದೆ. ಕೈ ನಡುಗುತ್ತಿತ್ತು. ಫೋನಿನಲ್ಲಿ ಅದು ಕಾಣುವುದಿಲ್ಲವಲ್ಲ.